ಸಹಿಗಿಂತ ಮೊದಲು ವಕೀಲ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೀಜ, ಗೊಬ್ಬರ, ಬೆಳೆ ಸಾಲ ಎಂದು ಇಪ್ಪತ್ತೈದು ವರ್ಷ ರೈತರ ಜೊತೆ ನಿಂತ ಈ ಸಂಘಕ್ಕೆ ಮೊದಲು ನಮ್ಮ ನಮಸ್ಕಾರ. ಬರ ಬಂದ ವರ್ಷವೂ ಬಾಗಿಲು ಮುಚ್ಚದೆ, ವಸೂಲಿ ಕಮ್ಮಿಯಾದ ವರ್ಷವೂ ಸದಸ್ಯರ ಕೈಬಿಡದೆ ಬಂದದ್ದು ಸಣ್ಣ ಮಾತಲ್ಲ. ಇಲ್ಲಿ ನಾವು ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಹುಟ್ಟಿ, ಕಾನೂನು ಓದಿ, ಕರಿ ಕೋಟು ಹಾಕಿಕೊಂಡವರು. ನಮಗೆ ಕೊಟ್ಟ ವಿಷಯ ‘ವಿದ್ಯುತ್ ಮತ್ತು ವಾಣಿಜ್ಯ ವ್ಯವಹಾರದ ವಕೀಲಿ ವೃತ್ತಿ’. ಸಹಕಾರ ಸಂಘದ ಹಬ್ಬದಾಗ ಇದೆಂಥ ವಿಷಯ ಅಂತ ಕೆಲವರಿಗೆ ಅನ್ನಿಸಿರಬಹುದು. ಸಂಘಕ್ಕೂ ಇದಕ್ಕೂ ಬಹಳ ಹತ್ತಿರದ ಸಂಬಂಧ ಇದೆ. ಅದನ್ನು ಹೇಳುವುದಕ್ಕೇ ಬಂದಿದ್ದೇವೆ.

ಕಾಲ ಬದಲಾಗಿದೆ

ನಮ್ಮದು ಮಳೆ ಕಡಿಮೆ ಬೀಳುವ ನಾಡು. ಬಿಸಿಲು ಜಾಸ್ತಿ, ಗಾಳಿ ಜಾಸ್ತಿ. ನಮ್ಮ ತಾತ ಮುತ್ತಾತಂದಿರು ಇವೆರಡನ್ನೂ ಬೈದುಕೊಂಡೇ ಬಾಳಿದರು. ಈಗ ಅದೇ ಬಿಸಿಲಿಗೂ ಗಾಳಿಗೂ ಬೆಲೆ ಬಂದಿದೆ. ಹೊಳೆಯಾಚೆ ಕಪ್ಪತಗುಡ್ಡದ ಸಾಲಿನಲ್ಲಿ, ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ನೋಡಿದ್ದೀರಿ. ನಮ್ಮ ಸೀಮೆಯ ದಿಣ್ಣೆಗಳ ಮೇಲೂ ಜನ ‘ಫ್ಯಾನು’ ಎಂದು ಕರೆಯುವ ಆ ಯಂತ್ರಗಳು ಬಂದಿವೆ. ಸೋಲಾರ್ ಕಂಪನಿಗಳವರು ಜಮೀನು ಕೇಳಿಕೊಂಡು ಊರೂರು ಸುತ್ತುತ್ತಿದ್ದಾರೆ. ದೊಡ್ಡ ತಂತಿಯ ಲೈನುಗಳು ಹೊಲದ ಮೇಲೆ ಹಾದುಹೋಗುತ್ತಿವೆ.

ಹೀಗೆ ಬಂದವರು ಬರಿಗೈಲಿ ಬರುವುದಿಲ್ಲ, ಒಂದು ಕಟ್ಟು ಕಾಗದ ತರುತ್ತಾರೆ. ಜೊತೆಗೆ ಊರಿನವನೇ ಒಬ್ಬ ಮಧ್ಯವರ್ತಿ ಇರುತ್ತಾನೆ. “ಏನಿಲ್ರಿ ಯಜಮಾನ್ರೆ, ಇದು ಬರೀ ಫಾರ್ಮಾಲಿಟಿ, ಇಲ್ಲೊಂದು ಸಹಿ ಹಾಕ್ರಿ, ಅಡ್ವಾನ್ಸ್ ಇವತ್ತೇ ಕೈಗೆ ಬರ್ತೈತಿ” ಎನ್ನುತ್ತಾನೆ. ಆ ಕಟ್ಟಿನಲ್ಲಿ ನಲವತ್ತು ಐವತ್ತು ಪುಟ ಇರುತ್ತವೆ. ಭಾಷೆ ಇಂಗ್ಲಿಷ್. ಅವಧಿ ಇಪ್ಪತ್ತೈದು, ಇಪ್ಪತ್ತೆಂಟು, ಮೂವತ್ತು ವರ್ಷ. ಸಹಿ ಹಾಕುವವರಿಗೆ ಐವತ್ತೈದು ವರ್ಷ ವಯಸ್ಸಾಗಿದ್ದರೆ, ಆ ಕಾಗದ ಮುಗಿಯುವ ಹೊತ್ತಿಗೆ ಮೊಮ್ಮಗ ಮನೆಯ ಯಜಮಾನನಾಗಿರುತ್ತಾನೆ.

ಆ ಕಾಗದವನ್ನು ಬರೆದವರು ಯಾರು? ಒಬ್ಬ ವಕೀಲರು. ಬೆಂಗಳೂರು, ಮುಂಬಯಿ, ದೆಹಲಿಯಲ್ಲಿ ಕೂತು, ಕಂಪನಿಗೆ ಎಲ್ಲೂ ನಷ್ಟ ಆಗದ ಹಾಗೆ ಒಂದೊಂದು ಪದ ತೂಗಿ ಬರೆದಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಅದು ಅವರ ಕೆಲಸ. ಆದರೆ ಮೇಜಿನ ಈಚೆಗೆ, ರೈತರ ಪಕ್ಕದಲ್ಲಿ, ಹಾಗೆ ಪದ ತೂಗುವವರು ಒಬ್ಬರೂ ಇರುವುದಿಲ್ಲ. ಈ ಭಾಷಣದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ: ಅವರ ವಕೀಲರು ಸಹಿಗಿಂತ ಮೊದಲು ಬರುತ್ತಾರೆ, ನಮ್ಮ ವಕೀಲರು ಜಗಳ ಆದಮೇಲೆ ಬರುತ್ತಾರೆ. ಇದು ತಿರುಗಬೇಕು.

ನಮ್ಮ ಸೀಮೆಯ ವಕೀಲಿ ಪರಂಪರೆ

ನಮ್ಮ ಜನರಿಗೆ ವಕೀಲ ಅಂದರೆ ಕೋರ್ಟು ನೆನಪಾಗುತ್ತದೆ. ಬದುವಿನ ಜಗಳ, ಪಾಲಿನ ಜಗಳ, ಹೊಡೆದಾಟದ ಕೇಸು. “ಗೆದ್ದವ ಸೋತ, ಸೋತವ ಸತ್ತ” ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಆದರೆ ವಕೀಲಿ ಎಂಬುದು ನಾಡು ಕಟ್ಟುವ ಕೆಲಸವೂ ಹೌದು. ಅದಕ್ಕೆ ದೂರ ಹೋಗಬೇಕಾಗಿಲ್ಲ.

ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ 1902ರಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪನವರು ಪುಣೆಯಲ್ಲಿ ಕಾನೂನು ಓದಿ, ಚಿತ್ರದುರ್ಗದಲ್ಲಿ ವಕೀಲಿ ಆರಂಭಿಸಿದವರು. ಮುಂದೆ ಮುಖ್ಯಮಂತ್ರಿಗಳಾದರು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಆರಂಭವಾದಾಗ ರಾಜ್ಯದ ಚುಕ್ಕಾಣಿ ಅವರ ಕೈಲಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು, 1965ರಲ್ಲಿ ಶರಾವತಿ ವಿದ್ಯುತ್ ಯೋಜನೆ ನಾಡಿಗೆ ಅರ್ಪಣೆಯಾದಾಗಲೂ ಅವರೇ ಮುಖ್ಯಮಂತ್ರಿ. ಶರಾವತಿಯ ಬೆಳಕು ಕಂಡ ಮನೆಗಳಲ್ಲಿ ನಮ್ಮ ಹಲುವಾಗಲಿನ ವಕೀಲರ ಕೆಲಸವೂ ಇದೆ. ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿದ ನಾರಾಯಣದೇವರಕೆರೆಯಲ್ಲಿ ಹುಟ್ಟಿ, ಹಡಗಲಿಯಲ್ಲಿ ವಕೀಲಿ ಮಾಡಿದ ಎಂ.ಪಿ. ಪ್ರಕಾಶರು ಉಪಮುಖ್ಯಮಂತ್ರಿಯವರೆಗೆ ಬೆಳೆದದ್ದು ನಿಮಗೆ ಗೊತ್ತಿರುವ ಸಂಗತಿ.

ಇನ್ನೂ ಹಿಂದಕ್ಕೆ ಹೋದರೆ ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಸಿಗುತ್ತಾರೆ. ಅವರೂ ಕಾನೂನು ಪದವಿ ಪಡೆದವರು. ಶಿವನಸಮುದ್ರದಲ್ಲಿ ವಿದ್ಯುತ್ ಮಾಡಿ ನೂರು ಮೈಲಿಯ ಹತ್ತಿರ ದೂರ ಇರುವ ಕೋಲಾರದ ಚಿನ್ನದ ಗಣಿಗೆ ಒಯ್ಯಬೇಕು ಎಂದಾಗ, ಯಂತ್ರ ಎಷ್ಟು ಮುಖ್ಯವೋ ಗಣಿ ಕಂಪನಿಗಳ ಜೊತೆಗಿನ ಕರಾರೂ ಅಷ್ಟೇ ಮುಖ್ಯವಾಗಿತ್ತು. ಕೊಳ್ಳುವವರು ಗಟ್ಟಿ ಇಲ್ಲದಿದ್ದರೆ ಅಷ್ಟು ಹಣ ಸುರಿಯುವುದು ಹೇಗೆ? 1902ರ ಜೂನ್ ತಿಂಗಳಲ್ಲಿ ವಿದ್ಯುತ್ ಹರಿಯಿತು. ಅಯ್ಯರ್ ಅವರು 1901ರಲ್ಲೇ ತೀರಿಕೊಂಡಿದ್ದರು, ಅದನ್ನು ನೋಡಲಿಲ್ಲ. ನಮ್ಮ ತುಂಗಭದ್ರಾ ಅಣೆಕಟ್ಟೆಯೂ ಹಾಗೆಯೇ. 1944ರಲ್ಲಿ ಮದ್ರಾಸು ಮತ್ತು ಹೈದರಾಬಾದು ಸರ್ಕಾರಗಳ ನಡುವೆ ಒಪ್ಪಂದ ಆದಮೇಲೆ 1945ರಲ್ಲಿ ಅಡಿಗಲ್ಲು ಬಿತ್ತು. ಕಲ್ಲಿನ ಕಟ್ಟೆಗಿಂತ ಮೊದಲು ಕಾಗದದ ಕಟ್ಟೆ ಕಟ್ಟಬೇಕು.

ವಿದ್ಯುತ್ ವಕೀಲರ ಕೆಲಸ ಏನು?

1999ರವರೆಗೆ ನಮಗೆ ವಿದ್ಯುತ್ ಎಂದರೆ ಕೆ.ಇ.ಬಿ. ಒಂದೇ. ಮಾಡುವವರು, ಸಾಗಿಸುವವರು, ಮಾರುವವರು ಎಲ್ಲ ಸರ್ಕಾರದ ಮನೆಯವರೇ. ಆಗ ಈ ವೃತ್ತಿಗೆ ಹೆಚ್ಚು ಜಾಗ ಇರಲಿಲ್ಲ. 1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಕಾಯಿದೆ ಜಾರಿಗೆ ಬಂದು ಮಂಡಳಿ ಹೋಗಿ ಕೆ.ಪಿ.ಟಿ.ಸಿ.ಎಲ್. ಬಂತು, ದರ ನಿಗದಿ ಮಾಡಲು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂತು. 2002ರಲ್ಲಿ ಜೆಸ್ಕಾಂ, ಬೆಸ್ಕಾಂ ಮುಂತಾದ ಕಂಪನಿಗಳಾದವು. 2003ರಲ್ಲಿ ಇಡೀ ದೇಶಕ್ಕೆ ಹೊಸ ವಿದ್ಯುಚ್ಛಕ್ತಿ ಕಾಯಿದೆ ಬಂತು. ವಿದ್ಯುತ್ ಮಾಡುವವರು ಬೇರೆ, ಸಾಗಿಸುವವರು ಬೇರೆ, ಹಂಚುವವರು ಬೇರೆ ಆದರು. ಬೇರೆ ಬೇರೆ ಆದ ಮೇಲೆ ಅವರವರ ನಡುವೆ ಕರಾರು ಬೇಕು, ಕರಾರು ಇದ್ದಲ್ಲಿ ವಕೀಲರು ಬೇಕು.

ಈ ವಕೀಲರು ಮಾಡುವ ಕೆಲಸವನ್ನು ನಾಲ್ಕು ಭಾಗ ಮಾಡಿ ಹೇಳಬಹುದು. ಒಂದು, ಜಮೀನಿನ ದಾಖಲೆ ನೋಡುವುದು: ಪಹಣಿ, ಮುಟೇಶನ್, ಋಣಭಾರ ಪತ್ರ, ವಂಶವೃಕ್ಷ. ಎರಡು, ಕರಾರು ಬರೆಯುವುದು: ಜಮೀನಿನ ಗುತ್ತಿಗೆ ಪತ್ರ, ವಿದ್ಯುತ್ ಖರೀದಿ ಒಪ್ಪಂದ, ಯಂತ್ರ ಕೂಡಿಸುವ ಗುತ್ತಿಗೆ, ಬ್ಯಾಂಕಿನ ಸಾಲದ ಪತ್ರ. ಮೂರು, ಅನುಮತಿ ಪಡೆಯುವುದು: ಭೂಪರಿವರ್ತನೆ, ಲೈನಿನ ಅನುಮತಿ, ಸಬ್‌ಸ್ಟೇಷನ್ನಿಗೆ ಜೋಡಣೆ. ನಾಲ್ಕು, ತಕರಾರು ಬಂದಾಗ ಬೆಂಗಳೂರಿನ ಆಯೋಗದ ಮುಂದೆ, ಅಲ್ಲಿಂದ ದೆಹಲಿಯ ವಿದ್ಯುಚ್ಛಕ್ತಿ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ, ಕೊನೆಗೆ ಸುಪ್ರೀಂ ಕೋರ್ಟಿನ ಮುಂದೆ ವಾದ ಮಾಡುವುದು. ಈ ನಾಲ್ಕರಲ್ಲಿ ಕೋರ್ಟು ಕಾಣುವುದು ಕೊನೆಯದರಲ್ಲಿ ಮಾತ್ರ. ಮೊದಲ ಮೂರು ಚೆನ್ನಾಗಿ ಆದರೆ ನಾಲ್ಕನೆಯದರ ಅವಶ್ಯಕತೆ ಎಷ್ಟೋ ಸಲ ಬರುವುದೇ ಇಲ್ಲ.

ಕರಾರಿನ ಒಂದು ಸಾಲಿಗೆ ಎಷ್ಟು ಬೆಲೆ?

ಒಂದು ನಿಜವಾದ ಪ್ರಕರಣ ಹೇಳುತ್ತೇವೆ. 2014ರಲ್ಲಿ ರಾಜ್ಯ ಸರ್ಕಾರ ಜಮೀನುಳ್ಳ ರೈತರೇ 1ರಿಂದ 3 ಮೆಗಾವ್ಯಾಟ್‌ವರೆಗೆ ಸೋಲಾರ್ ಘಟಕ ಹಾಕಬಹುದು ಎಂದು ಒಂದು ಯೋಜನೆ ತಂತು. ಯೂನಿಟ್ಟಿಗೆ 8 ರೂಪಾಯಿ 40 ಪೈಸೆ ದರ. ಒಪ್ಪಂದ ಆಗಿ 18 ತಿಂಗಳೊಳಗೆ ಘಟಕ ಶುರುವಾಗಬೇಕು. ಹೀಗೆ ಮುಂದೆ ಬಂದವರಲ್ಲಿ ಕೆಲವರಿಗೆ ಸರ್ಕಾರಿ ಕಚೇರಿಗಳಿಂದ ಬರಬೇಕಾದ ಅನುಮತಿಗಳು ತಡವಾದವು. ಬೆಸ್ಕಾಂ ಆರು ತಿಂಗಳು ಹೆಚ್ಚಿಗೆ ಕೊಟ್ಟಿತು. ಘಟಕ 2017ರಲ್ಲಿ ಶುರುವಾಯಿತು. ಆಗ ಆಯೋಗ, ನೀವು ತಡ ಮಾಡಿದ್ದೀರಿ, ಈ ನಡುವೆ ಸೋಲಾರಿನ ದರ ಇಳಿದಿದೆ ಎಂದು ಯೂನಿಟ್ಟಿಗೆ 4 ರೂಪಾಯಿ 36 ಪೈಸೆ ಮಾಡಿತು.

ಲೆಕ್ಕ ಹಾಕೋಣ. 1 ಮೆಗಾವ್ಯಾಟ್ ಘಟಕ ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್ ಕೊಡುತ್ತದೆ ಎಂದುಕೊಳ್ಳಿ. ಯೂನಿಟ್ಟಿಗೆ 4 ರೂಪಾಯಿ 4 ಪೈಸೆ ಖೋತಾ ಆದರೆ ವರ್ಷಕ್ಕೆ ಸುಮಾರು 64 ಲಕ್ಷ ರೂಪಾಯಿ. 25 ವರ್ಷಕ್ಕೆ 16 ಕೋಟಿ! ಬ್ಯಾಂಕಿನ ಸಾಲ ತೆಗೆದು ಘಟಕ ಹಾಕಿದವರ ಗತಿ ಏನಾಗಬೇಕು?

ಒಪ್ಪಂದದಲ್ಲಿ ಒಂದು ಕಲಮು ಇತ್ತು. ನಮ್ಮ ಕೈ ಮೀರಿದ ಕಾರಣದಿಂದ ತಡವಾದರೆ ಅವಧಿ ಹೆಚ್ಚಿಸಬಹುದು ಎಂಬುದು ಅದರ ತಾತ್ಪರ್ಯ. ವಕೀಲರು ಆ ಕಲಮನ್ನು ಹಿಡಿದುಕೊಂಡರು. ಅನುಮತಿ ಕೊಡುವುದು ಸರ್ಕಾರಿ ಕಚೇರಿಗಳ ಕೈಲಿರುವಾಗ ಆ ತಡಕ್ಕೆ ಘಟಕದವರು ಹೊಣೆಯೇ ಎಂದು ಕೇಳಿದರು. ಅರ್ಜಿ ಹಾಕಿದ ದಿನಾಂಕ, ಉತ್ತರ ಬಂದ ದಿನಾಂಕ, ಎಲ್ಲದರ ಕಾಗದ ಮುಂದಿಟ್ಟರು. ಮೇಲ್ಮನವಿ ನ್ಯಾಯಮಂಡಳಿ ಒಪ್ಪಿ 8 ರೂಪಾಯಿ 40 ಪೈಸೆಯನ್ನು ಎತ್ತಿಹಿಡಿಯಿತು. ಬೆಸ್ಕಾಂ ಸುಪ್ರೀಂ ಕೋರ್ಟಿಗೆ ಹೋಯಿತು. ಹಿರೇಹಳ್ಳಿ ಸೋಲಾರ್ ಪ್ರಕರಣ ಎಂದು ಹೆಸರಾದ ಆ ಮೇಲ್ಮನವಿಯಲ್ಲಿ 2024ರ ಆಗಸ್ಟ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೂಡ ಘಟಕದವರ ಪರವಾಗಿಯೇ ತೀರ್ಪು ಕೊಟ್ಟಿತು.

ಇದರಿಂದ ಎರಡು ಪಾಠ. ಒಂದು, ಕರಾರಿನಲ್ಲಿ ಆ ಒಂದು ಕಲಮು ಇಲ್ಲದಿದ್ದರೆ, ಎಷ್ಟು ದೊಡ್ಡ ವಕೀಲರು ಬಂದರೂ ನಿಲ್ಲಲು ಕಾಲು ಇರುತ್ತಿರಲಿಲ್ಲ. ಎರಡು, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದು ಇಟ್ಟುಕೊಂಡವರು ಉಳಿದರು. ನಮ್ಮಲ್ಲಿ ಎಷ್ಟು ಜನ ಕಚೇರಿಗೆ ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳುತ್ತೇವೆ? ಇವತ್ತಿನಿಂದಲೇ ಆ ರೂಢಿ ಮಾಡಿಕೊಳ್ರಿ.

ಗುತ್ತಿಗೆ ಪತ್ರದಲ್ಲಿ ನೋಡಬೇಕಾದದ್ದು

ಈಗ ನಮ್ಮ ಸದಸ್ಯರಿಗೆ ನೇರವಾಗಿ ಬೇಕಾದ ಮಾತು. ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ನಿಮಗೆಲ್ಲ ಗೊತ್ತು. ಗೊರವಯ್ಯ ಬಿಲ್ಲು ಏರಿ ಒಂದು ನುಡಿ ನುಡಿಯುತ್ತಾರೆ, ಲಕ್ಷಾಂತರ ಜನ ಉಸಿರು ಹಿಡಿದು ಕೇಳುತ್ತಾರೆ. ಆಮೇಲೆ ಮಳೆ ಎಂದು ಒಬ್ಬರು, ಬೆಳೆ ಎಂದು ಇನ್ನೊಬ್ಬರು, ರಾಜಕೀಯ ಎಂದು ಮತ್ತೊಬ್ಬರು ಅರ್ಥ ಹೇಳುತ್ತಾರೆ. ಅದು ದೈವದ ನುಡಿ, ಅದಕ್ಕೆ ಹಾಗೆ ಇರುವ ಹಕ್ಕಿದೆ. ಮನುಷ್ಯರ ಕರಾರಿಗೆ ಆ ಹಕ್ಕು ಇಲ್ಲ. ಅದಕ್ಕೆ ಒಂದೇ ಅರ್ಥ ಇರಬೇಕು, ಅದು ಇಬ್ಬರಿಗೂ ಮೊದಲೇ ಗೊತ್ತಿರಬೇಕು.

ಬಾಡಿಗೆ ಮತ್ತು ಅದರ ಏರಿಕೆ: ತುಮಕೂರು ಜಿಲ್ಲೆಯ ಪಾವಗಡದಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,000 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಆಗಿದೆ. ಮೊದಲ ಹಂತ 2018ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ರೈತರು ಜಮೀನು ಮಾರಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಒಡೆತನ ರೈತರಲ್ಲೇ ಉಳಿಯಿತು, ಇದು ಒಳ್ಳೆಯದು. ಆದರೆ ಲೆಕ್ಕ ನೋಡಿ: ಆ ಏರಿಕೆಯಲ್ಲಿ ಕೊನೆಯ ವರ್ಷಕ್ಕೆ ಬಾಡಿಗೆ ಸುಮಾರು 39,600 ರೂಪಾಯಿ ಆಗುತ್ತದೆ, ಅಂದರೆ 28 ವರ್ಷಕ್ಕೆ ದುಪ್ಪಟ್ಟೂ ಇಲ್ಲ. ಪೇಟೆಯ ಬೆಲೆ ವರ್ಷಕ್ಕೆ ಶೇಕಡಾ 6 ಏರಿದರೂ 12 ವರ್ಷದಲ್ಲೇ ದುಪ್ಪಟ್ಟಾಗುತ್ತದೆ. ಆದ್ದರಿಂದ ಏರಿಕೆಯ ಪ್ರಮಾಣ ಎಷ್ಟು ಎಂಬುದು ಮೊದಲ ವರ್ಷದ ಬಾಡಿಗೆಗಿಂತ ದೊಡ್ಡ ಪ್ರಶ್ನೆ. ಏರಿಕೆಯೇ ಇಲ್ಲದ ಕಾಗದ ಬಂದರೆ ಅಲ್ಲೇ ವಾಪಸು ಕೊಡಿ.

ಬಾಡಿಗೆ ಎಂದಿನಿಂದ: ಸಹಿ ಮಾಡಿದ ದಿನದಿಂದಲೋ, ಯಂತ್ರ ಶುರುವಾದ ದಿನದಿಂದಲೋ? ಯಂತ್ರ ಶುರುವಾದ ದಿನದಿಂದ ಎಂದು ಬರೆದಿದ್ದರೆ, ಕಂಪನಿ ಐದು ವರ್ಷ ಸುಮ್ಮನಿದ್ದರೂ ನಿಮ್ಮ ಹೊಲ ಕಾಗದದಲ್ಲಿ ಕಟ್ಟಿಬಿದ್ದಿರುತ್ತದೆ. ಇಂತಿಷ್ಟು ತಿಂಗಳಲ್ಲಿ ಕೆಲಸ ಶುರುವಾಗದಿದ್ದರೆ ಕರಾರು ರದ್ದು ಎಂಬ ಮಾತು ಇರಬೇಕು.

ನೋಂದಣಿ: ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಇದು 1908ರ ನೋಂದಣಿ ಕಾಯಿದೆಯ ಮಾತು. ಬರೀ ಛಾಪಾ ಕಾಗದದ ಮೇಲೆ ಬರೆದು ನೋಟರಿ ಸೀಲು ಹೊಡೆದರೆ ಸಾಲದು.

ಮುಖತ್ಯಾರ ಪತ್ರ: ಗುತ್ತಿಗೆ ಪತ್ರದ ನಡುವೆ ಸೇರಿಸಿ ಇದಕ್ಕೂ ಒಂದು ಸಹಿ ಕೇಳುತ್ತಾರೆ. ಅದರಲ್ಲಿ ಮಾರುವ ಅಧಿಕಾರ, ಅಡವಿಡುವ ಅಧಿಕಾರ ಸೇರಿದ್ದರೆ ಹೊಲದ ಬೀಗದ ಕೈಯನ್ನೇ ಕೊಟ್ಟಂತೆ. ಅನುಮತಿ ಪಡೆಯುವುದಕ್ಕೆ ಮಾತ್ರ ಎಂದು ಸ್ಪಷ್ಟವಾಗಿ ಬರೆಯಿಸಿ. ಕಂಪನಿ ಬ್ಯಾಂಕಿಗೆ ತನ್ನ ಯಂತ್ರವನ್ನೂ ತನ್ನ ಗುತ್ತಿಗೆ ಹಕ್ಕನ್ನೂ ಅಡವಿಡಲಿ, ನಿಮ್ಮ ಜಮೀನಿನ ಒಡೆತನವನ್ನಲ್ಲ.

ಮನೆಯವರ ಸಹಿ: ಪಹಣಿಯಲ್ಲಿ ಒಬ್ಬರ ಹೆಸರಿದ್ದರೂ ಪಿತ್ರಾರ್ಜಿತ ಜಮೀನಿನಲ್ಲಿ ಅಣ್ಣತಮ್ಮಂದಿರ ಹಕ್ಕಿದೆ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳದೂ ಸಮಪಾಲು. ಅಕ್ಕತಂಗಿಯರನ್ನು ಬಿಟ್ಟು ಕಾಗದ ಮಾಡಿದರೆ ಮುಂದೆ ಕಂಪನಿಯ ಜೊತೆಗಲ್ಲ, ಮನೆಯೊಳಗೇ ಕೇಸು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯಿದೆ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಆ ಕಾಯಿದೆಯಲ್ಲಿ ಪರಭಾರೆ ಎಂಬ ಪದದೊಳಗೆ ಗುತ್ತಿಗೆಯೂ ಸೇರಿದೆ.

ಅವಧಿ ಮುಗಿದ ಮೇಲೆ: ಹಲಗೆ, ಕಬ್ಬಿಣ, ನೆಲದೊಳಗಿನ ಕಾಂಕ್ರೀಟು ಯಾರು ಕೀಳಬೇಕು? ಯಾರ ಖರ್ಚಿನಲ್ಲಿ? ಗಾಳಿಯಂತ್ರದ ಬುಡಕ್ಕೆ ಎಷ್ಟು ಕಾಂಕ್ರೀಟು ಹೋಗುತ್ತದೆ ಎಂಬುದನ್ನು ಕೆಲಸ ನಡೆಯುವಾಗ ನೋಡಿದವರಿಗೆ ಗೊತ್ತು. ಆ ಖರ್ಚಿಗೆ ಠೇವಣಿ ಇಡಬೇಕು ಎಂಬ ಕಲಮು ಇರಲಿ. ಕಂಪನಿ ಕೈ ಬದಲಾದರೆ ಹೊಸಬರೂ ಇದೇ ಕರಾರಿಗೆ ಬದ್ಧರು ಎಂದಿರಲಿ.

ತಕರಾರಿನ ಜಾಗ: ಎಷ್ಟೋ ಕಾಗದಗಳಲ್ಲಿ ತಕರಾರು ಬಂದರೆ ಮಧ್ಯಸ್ಥಿಕೆ ಮುಂಬಯಿಯಲ್ಲಿ ಅಥವಾ ದೆಹಲಿಯಲ್ಲಿ ಎಂದಿರುತ್ತದೆ. ಕೂಡ್ಲಿಗಿಯ ರೈತ ಎರಡು ಎಕರೆ ಬಾಡಿಗೆ ಕೇಳಲು ದೆಹಲಿಗೆ ಹೋಗಲು ಆದೀತೆ? ಜಾಗ ಹೊಸಪೇಟೆಯೋ ಬಳ್ಳಾರಿಯೋ ಇರಲಿ. ಮತ್ತು ಕಾಗದದ ಕನ್ನಡ ಪ್ರತಿ ಕೇಳಿ. ಎರಡರಲ್ಲಿ ಅರ್ಥ ವ್ಯತ್ಯಾಸ ಬಂದರೆ ಕನ್ನಡದ್ದೇ ಊರ್ಜಿತ ಎಂದು ಬರೆಯಿಸಿ.

ಇನ್ನು ಹೊಲದ ಮೇಲೆ ದೊಡ್ಡ ಲೈನು ಹಾದುಹೋದವರಿಗೆ ಒಂದು ಮಾತು. ಕಂಬದ ಬುಡದ ಜಾಗಕ್ಕೆ ಭೂಮಿಯ ಬೆಲೆಯ ಶೇಕಡಾ 85, ತಂತಿಯ ಕೆಳಗಿನ ಪಟ್ಟಿಗೆ ಶೇಕಡಾ 15ರವರೆಗೆ ಪರಿಹಾರ ಎಂದು ಕೇಂದ್ರದ ವಿದ್ಯುತ್ ಸಚಿವಾಲಯ 2015ರಲ್ಲಿ ಮಾರ್ಗಸೂಚಿ ಕೊಟ್ಟಿತ್ತು. 2024ರ ಜೂನ್ ತಿಂಗಳ ಹೊಸ ಮಾರ್ಗಸೂಚಿಯಲ್ಲಿ ಬುಡಕ್ಕೆ ಶೇಕಡಾ 200, ಹಳ್ಳಿಯ ಕಡೆ ಪಟ್ಟಿಗೆ ಶೇಕಡಾ 30 ಎಂದು ಹೆಚ್ಚಿಸಿದರು. ಇದು ರಾಜ್ಯಗಳು ಜಾರಿಗೆ ತರಬೇಕಾದ ಮಾರ್ಗಸೂಚಿ. ಬೆಳೆ ಹಾಳಾದದ್ದಕ್ಕೆ ಏನೋ ನಾಲ್ಕು ಕಾಸು ಕೊಟ್ಟು ‘ಎಲ್ಲಾ ಮುಟ್ಟಿತು’ ಎಂದು ರಸೀತಿ ಬರೆಯಿಸಿಕೊಂಡರೆ ಮುಂದೆ ಕೇಳುವುದು ಕಷ್ಟ. ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆಸಿ ಸಹಿ ಹಾಕಿ.

ಸಂಘಕ್ಕೆ ಇದರಲ್ಲಿ ಏನು?

ಇಲ್ಲಿ ಕಾರ್ಯದರ್ಶಿಗಳು ಗಮನಿಸಬೇಕು. ಬೆಳೆ ಸಾಲ ಪಡೆದ ಸದಸ್ಯರ ಪಹಣಿಯಲ್ಲಿ ಸಂಘದ ಬೋಜಾ ಇರುತ್ತದೆ. ಆ ಜಮೀನು ಗುತ್ತಿಗೆಗೆ ಹೋಗುವಾಗ ಸಂಘದ ಬಾಕಿ ತೀರಬೇಕು ಅಥವಾ ಸಂಘದ ಒಪ್ಪಿಗೆ ಬೇಕು. ಜಮೀನು ಪರಿವರ್ತನೆ ಆಗಿ ಕೃಷಿಯೇತರ ಎಂದಾದ ಮೇಲೆ ಅದರ ಮೇಲೆ ಬೆಳೆ ಸಾಲ ಸಿಗುವುದಿಲ್ಲ, ಶೂನ್ಯ ಬಡ್ಡಿಯ ಸವಲತ್ತೂ ಹೋಗುತ್ತದೆ. ಐದು ಎಕರೆಯಲ್ಲಿ ಐದನ್ನೂ ಕೊಟ್ಟರೆ ನಾಳೆ ನೀವು ಪಹಣಿಯಲ್ಲಿ ರೈತರು, ಸಂಘದ ಪುಸ್ತಕದಲ್ಲಿ ಅಲ್ಲ. ಸದಸ್ಯರ ಹೊಲ ಕಮ್ಮಿಯಾದರೆ ಸಂಘದ ವ್ಯವಹಾರ ಕಮ್ಮಿ. ಕೂಲಿಗೆ ಹೋಗುವವರಿಗೆ ಕೆಲಸ ಕಮ್ಮಿ, ಕುರಿ ಮೇಯಿಸುವವರಿಗೆ ಬೀಳು ಕಮ್ಮಿ. ಅವರ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇರುವುದಿಲ್ಲ. ಹಾಗೆಂದು ಕೊಡಲೇಬೇಡಿ ಎಂದು ನಾವು ಹೇಳುವುದಿಲ್ಲ. ಕಲ್ಲು ಬೀಳಿಗೆ ವರ್ಷಕ್ಕೊಂದು ಖಾತ್ರಿ ಆದಾಯ ಬರುವುದಾದರೆ ಬೇಡ ಅನ್ನುವುದು ಜಾಣತನ ಅಲ್ಲ. ಒಳ್ಳೆ ಎರೆ ಹೊಲ ಇಟ್ಟುಕೊಂಡು ಬೀಳನ್ನು ಕೊಡಿ, ಎಲ್ಲವನ್ನೂ ಕೊಡಬೇಡಿ, ಒಬ್ಬೊಬ್ಬರೇ ಹೋಗಬೇಡಿ ಎಂಬುದು ನಮ್ಮ ಮಾತು.

ಒಬ್ಬೊಬ್ಬರೇ ಹೋಗಬೇಡಿ ಎಂಬ ಮಾತೇ ಸಹಕಾರ. ನಮ್ಮ ಹೊಳೆಯಾಚೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಹೇಳಿದ್ದೂ ಇದೇ ತತ್ತ್ವ. ವಿದ್ಯುತ್ತಿನಲ್ಲೂ ಸಹಕಾರ ನಡೆಯುತ್ತದೆ ಎಂಬುದಕ್ಕೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಸಾಕ್ಷಿ. ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿ ನೋಂದಣಿಯಾಗಿ, ಸದಸ್ಯರಿಗೆ ತಾನೇ ವಿದ್ಯುತ್ ಹಂಚುತ್ತಾ ಬಂದಿದೆ. ಕರ್ನಾಟಕದಲ್ಲಿ ಅಂಥದ್ದು ಅದೊಂದೇ. 2019ರಲ್ಲಿ ಕೇಂದ್ರ ಸರ್ಕಾರ ತಂದ ಪಿ.ಎಂ. ಕುಸುಮ್ ಯೋಜನೆಯ ಮೊದಲ ಭಾಗದಲ್ಲಿ ರೈತರ ಗುಂಪು, ಪಂಚಾಯಿತಿ, ಸಹಕಾರ ಸಂಘ ಕೂಡ ಬೀಳು ಜಮೀನಿನಲ್ಲಿ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗೆ ಘಟಕ ಹಾಕಲು ಅವಕಾಶ ಕೊಟ್ಟಿದ್ದರು. ಅಂದರೆ ಸಂಘ ಬರೀ ಜಮೀನು ಕೊಡುವವರ ಕಡೆ ಅಲ್ಲ, ವಿದ್ಯುತ್ ಮಾರುವವರ ಕಡೆಯೂ ಕೂರಬಹುದು. ಆದರೆ ಅದಕ್ಕೆ ವಿದ್ಯುತ್ ಖರೀದಿ ಒಪ್ಪಂದ ಓದುವವರು ನಮ್ಮ ಮನೆಯಲ್ಲೇ ಇರಬೇಕು.

ಆದ್ದರಿಂದ ಆಡಳಿತ ಮಂಡಳಿಗೆ ನಮ್ಮದೊಂದು ಬಿನ್ನಹ. ಸಂಘದಲ್ಲಿ ಲೆಕ್ಕಪರಿಶೋಧಕರು ಇರುವ ಹಾಗೆ, ತಿಂಗಳಿಗೊಂದು ದಿನ ಕೂತು ಸದಸ್ಯರ ಕಾಗದ ಓದಿ ಹೇಳುವ ವಕೀಲರೊಬ್ಬರನ್ನು ಇಟ್ಟುಕೊಳ್ಳಿ. ಒಂದೇ ಬಯಲಿನ ಇಪ್ಪತ್ತು ಜನರಿಗೆ ಒಂದೇ ಕಂಪನಿ ಕಾಗದ ತಂದಿದ್ದರೆ, ಇಪ್ಪತ್ತು ಜನ ಒಟ್ಟಾಗಿ ಒಂದೇ ಕರಡು ಮುಂದಿಟ್ಟು ಮಾತಾಡಿ. ಒಬ್ಬರು ಕೇಳಿದರೆ ಹಟ ಎನ್ನುತ್ತಾರೆ, ಇಪ್ಪತ್ತು ಜನ ಕೇಳಿದರೆ ಷರತ್ತು ಎನ್ನುತ್ತಾರೆ. ಆಯೋಗ ದರ ನಿಗದಿ ಮಾಡುವ ಮುಂಚೆ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ. ಅಲ್ಲಿ ಕೈಗಾರಿಕೆಯವರು ವಕೀಲರನ್ನಿಟ್ಟು ವಾದ ಮಾಡುತ್ತಾರೆ. ನಮ್ಮ ಸಂಘದ ಹೆಸರಿನಲ್ಲೂ ಒಂದು ಪುಟ ಅಲ್ಲಿಗೆ ಹೋಗಬಾರದೇಕೆ?

ತಮ್ಮ ತಂಗಿಯರಿಗೆ

ಇಲ್ಲಿ ಹಿಂದೆ ನಿಂತಿರುವ ಕಾಲೇಜಿನ ಮಕ್ಕಳಿಗೆ ಕೊನೆಯ ಮಾತು. ಈ ವೃತ್ತಿಗೆ ಬರುವ ದಾರಿ ದೂರ ಇಲ್ಲ. ಪಿ.ಯು.ಸಿ. ಆದಮೇಲೆ ಐದು ವರ್ಷ, ಇಲ್ಲವೇ ಪದವಿ ಆದಮೇಲೆ ಮೂರು ವರ್ಷ ಕಾನೂನು ಓದಬೇಕು. ಬಳ್ಳಾರಿಯಲ್ಲೂ ದಾವಣಗೆರೆಯಲ್ಲೂ ಕಾನೂನು ಕಾಲೇಜುಗಳಿವೆ. ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಪ್ರವೇಶ ಪರೀಕ್ಷೆ ಬರೆದು ಹೋಗಬಹುದು. ಆಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು.

ಮೊದಲ ವರ್ಷಗಳು ಸುಖದ ವರ್ಷಗಳಲ್ಲ. ಹಿರಿಯರ ಕಚೇರಿಯಲ್ಲಿ ಫೈಲು ಹೊರಬೇಕು, ಸಂಬಳ ಅಂತ ಹೇಳಿಕೊಳ್ಳುವಷ್ಟು ಏನೂ ಬರುವುದಿಲ್ಲ. ಇಂಗ್ಲಿಷ್ ತೊಡರುತ್ತದೆ. ಯೂನಿಟ್ಟು, ಮೆಗಾವ್ಯಾಟ್, ಟ್ಯಾರಿಫ್ ಎಂಬ ಲೆಕ್ಕ ಕಲಿಯಬೇಕು, ಬ್ಯಾಲೆನ್ಸ್ ಶೀಟ್ ಓದುವುದು ಕಲಿಯಬೇಕು, ಇಂಜಿನಿಯರುಗಳ ಹತ್ತಿರ ಕೂತು ಕೇಳಿ ತಿಳಿಯಬೇಕು. ಆದರೆ ನಗರದ ವಕೀಲರಿಗೆ ಇಲ್ಲದ ಒಂದು ಬಂಡವಾಳ ನಿಮ್ಮ ಹತ್ತಿರ ಇದೆ. ಪಹಣಿ ಓದಲು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಖರಾಬು ಎಂದರೇನು, ಬದು ಎಂದರೇನು, ಬಂಡಿಜಾಡು ಮುಚ್ಚಿದರೆ ಹಿಂದಿನ ಹೊಲದವರ ಪಾಡೇನು ಎಂಬುದು ನಿಮಗೆ ಹುಟ್ಟಿನಿಂದ ಗೊತ್ತು. ಎಷ್ಟೋ ದೊಡ್ಡ ಯೋಜನೆಗಳು ನಿಂತುಹೋಗುವುದು ಇಂಥ ಸಣ್ಣ ಸಂಗತಿ ಗೊತ್ತಿಲ್ಲದೆ.

ನೀವು ಓದಿ ಕಂಪನಿಯ ಪರ ಕೆಲಸ ಮಾಡಿದರೂ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಅದೂ ಮರ್ಯಾದೆಯ ದುಡಿಮೆಯೇ. ಹಳ್ಳಿ ಗೊತ್ತಿರುವ ವಕೀಲರು ಬರೆದ ಕರಾರು ಎರಡೂ ಕಡೆಗೆ ನ್ಯಾಯವಾಗಿರುತ್ತದೆ, ಆದ್ದರಿಂದ ಬಹಳ ದಿನ ಬಾಳುತ್ತದೆ. ಆದರೆ ವರ್ಷಕ್ಕೆ ನಾಲ್ಕು ದಿನವಾದರೂ ಊರಿಗೆ ಬಂದು, ಈ ಸಂಘದ ಕಟ್ಟೆಯ ಮೇಲೆ ಕೂತು, ದೊಡ್ಡಪ್ಪ ಚಿಕ್ಕಪ್ಪಂದಿರ ಕೈಲಿರುವ ಕಾಗದ ಬಿಡಿಸಿ ಓದಿ ಹೇಳಿ. ಅದಕ್ಕೆ ಫೀಜು ತಗೊಳ್ರಿ, ಪುಕ್ಕಟೆ ಬೇಡ. ಪುಕ್ಕಟೆ ಸಲಹೆಗೆ ನಮ್ಮ ಜನ ಬೆಲೆ ಕೊಡುವುದಿಲ್ಲ, ನಿಮಗೂ ಹೊಟ್ಟೆ ಇದೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಬಾವಿ ಮೊದಲೇ ತೋಡೋಣ. ಸಂಘದ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಸದಸ್ಯರು ಹಾಕುವ ಸಹಿಗಳು ಬಹಳ ದೊಡ್ಡ ಸಹಿಗಳು. ಓದದೆ ಒಂದೂ ಬೀಳದಿರಲಿ. ಸಂಘ ಚಿನ್ನದ ಹಬ್ಬವನ್ನೂ ಕಾಣಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.